ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದ್ಸಲ ಎಲ್‌ಡಿಡಿ ಹೊಡೀರಿ

ನಮ್ಮ ಕ್ಯಾಂಪಸ್ಸಿನ ಲ್ಯಾಬುಗಳಲ್ಲಿ ಲಿನಕ್ಸ್ ಮಶೀನ್ ಕೈಕೊಟ್ಟರೆ ಎರಡೇ ಔಷಧಿ. ಮೊದಲನೇದು ರೀಸ್ಟಾರ್ಟ್. ಅದಕ್ಕೂ ಬಗ್ಗದಿದ್ರೆ ಫಾರ್ಮ್ಯಾಟ್. ಮೊದಲನೇದರ ಬಗ್ಗೆ ನಮಗೇನೂ ತಕರಾರಿಲ್ಲ, ದೊಡ್ಡ ದೊಡ್ಡ ಕಂಪನಿಗಳೂ ಅದನ್ನೇ ಮಾಡ್ತವೆ. ಎರಡನೇದರ ಬಗ್ಗೆ ಮಾತ್ರ ಜಗಳ ಆಡಬೇಕು ಅಂತಲೇ ಈ ಬರಹ. ಇಂಜಿನಿಯರಿಂಗ್ ಓದುವವರು, ಅದೂ ಕಂಪ್ಯೂಟರ್ ಸೈನ್ಸ್ ಓದುವವರು, ಯಾವ ಫೈಲು ಎಲ್ಲಿ ತಪ್ಪಿದೆ ಅಂತ ಹುಡುಕೋ ಬದಲು ಇಡೀ ಡಿಸ್ಕ್ ಒರೆಸಿ ಹಾಕೋದು, ನಲ್ಲಿಯ ವಾಷರ್ ಹೋಗಿದ್ದಕ್ಕೆ ಮನೆ ಕೆಡವಿ ಕಟ್ಟಿದ ಹಾಗೆ.

ನಾವು ಮಾತಾಡ್ತಿರೋದು ಪ್ರಿಂಟಿಂಗ್ ವಿಷಯ. ಹೋದ ಸೆಮಿಸ್ಟರ್ ಕೊನೆಯಲ್ಲಿ, ಪ್ರಾಜೆಕ್ಟ್ ರಿಪೋರ್ಟ್ ಸಬ್ಮಿಷನ್ ಹತ್ತಿರ ಇದ್ದಾಗ, ಒಂದು ಲ್ಯಾಬಿನ ಪ್ರಿಂಟ್ ಸರ್ವರ್ ನಿಂತು ಹೋಯ್ತು. ಯಾರೋ ಉತ್ಸಾಹದಿಂದ ಕಪ್ಸ್‌ನ ಹೊಸ ವರ್ಷನ್ ಸೋರ್ಸ್ ಇಳಿಸಿಕೊಂಡು ಕಾನ್ಫಿಗರ್, ಮೇಕ್, ಸೂಡೋ ಮೇಕ್ ಇನ್‌ಸ್ಟಾಲ್ ಮಾಡಿದ್ದರು. ಬಿಲ್ಡ್ ಸರಾಗವಾಗಿ ಆಯ್ತು, ಒಂದೂ ಎರರ್ ಇಲ್ಲ. ಸರ್ವಿಸ್ ಸ್ಟಾರ್ಟ್ ಮಾಡಿದಾಗ ಬಂದಿದ್ದು ಒಂದೇ ಸಾಲು: ಸಿಂಬಲ್ ಲುಕಪ್ ಎರರ್, ಅನ್‌ಡಿಫೈನ್ಡ್ ಸಿಂಬಲ್. ಮಾಡಿದವರು ಯಾರು ಅನ್ನೋದು ಮುಖ್ಯ ಅಲ್ಲ, ಉದ್ದೇಶ ಒಳ್ಳೇದೇ ಇತ್ತು. ಆಮೇಲೆ ನಡೆದದ್ದು ಮುಖ್ಯ. ಇಂಟರ್ನೆಟ್ಟಲ್ಲಿ ಸಿಕ್ಕ ಒಂದೊಂದೇ ಕಮಾಂಡ್ ತಂದು ಪೇಸ್ಟ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಪ್ರಿಂಟರ್ ಜೊತೆ ಲಿಬ್ರೆಆಫೀಸೂ ತೆರೆಯೋದು ನಿಲ್ಲಿಸಿತು. ಸಂಜೆ ಫಾರ್ಮ್ಯಾಟ್ ಆಯ್ತು. ಅದರ ಜೊತೆ ಆ ಮಶೀನಿನಲ್ಲಿ ಜೂನಿಯರ್ಸ್ ಇಟ್ಟಿದ್ದ ಫೈಲುಗಳೂ ಹೋದವು.

ಲ್ಯಾಪ್‌ಟಾಪ್, ಮನೆಯಲ್ಲಿ ಪ್ರಿಂಟರ್ ಎರಡೂ ಇರೋರಿಗೆ ಇದೊಂದು ಜೋಕು. ವಿಜಯಪುರ ಕಡೆಯಿಂದಲೋ ಸೂಲಿಬೆಲೆ ಕಡೆಯಿಂದಲೋ ಬಸ್ಸಲ್ಲಿ ಬಂದು, ಲ್ಯಾಬಿನ ಮಶೀನಲ್ಲೇ ಟೈಪ್ ಮಾಡಿ, ಲ್ಯಾಬಿನ ಪ್ರಿಂಟರಲ್ಲೇ ತೆಗೆಯೋರಿಗೆ ಜೋಕಲ್ಲ. ಅವತ್ತು ಅವರೆಲ್ಲ ಪೆನ್‌ಡ್ರೈವ್ ಹಿಡ್ಕೊಂಡು ಜೆರಾಕ್ಸ್ ಅಂಗಡಿ ಮುಂದೆ ಕ್ಯೂ ನಿಂತಿದ್ದರು, ಅರುವತ್ತು ಎಪ್ಪತ್ತು ಪುಟದ ರಿಪೋರ್ಟು, ಒಬ್ಬೊಬ್ಬರಿಗೆ ಮೂರು ನಾಲ್ಕು ಕಾಪಿ.

ಹಾಗಾದ್ರೆ ಆಗಿದ್ದೇನು? ಇದನ್ನ ಅರ್ಥ ಮಾಡ್ಕೊಳ್ಳೋಕೆ ದೇವನಹಳ್ಳಿಯವರಿಗಿಂತ ಅನುಕೂಲ ಬೇರೆ ಯಾರಿಗೂ ಇಲ್ಲ. 2008ರ ಮೇ 24ಕ್ಕೆ ಮುಂಚೆ ಮೆಜೆಸ್ಟಿಕ್ಕಲ್ಲಿ ಆಟೋ ಹತ್ತಿ ‘ಏರ್‌ಪೋರ್ಟ್’ ಅಂದರೆ ಎಚ್‌ಎಎಲ್‌ಗೆ ಹೋಗ್ತಿತ್ತು. ಆಮೇಲೆ ಅದೇ ‘ಏರ್‌ಪೋರ್ಟ್’ ನಮ್ಮೂರ ಕಡೆಗೆ ಬಂತು. ಹೆಸರು ಅದೇ, ಜಾಗ ಬೇರೆ. ಹಳೇದನ್ನ ಯಾರೂ ಕಿತ್ತು ಹಾಕಲಿಲ್ಲ, ರನ್‌ವೇ ಅಲ್ಲೇ ಇದೆ, ಓಲ್ಡ್ ಏರ್‌ಪೋರ್ಟ್ ರೋಡ್ ಅಂತ ರಸ್ತೆಗೂ ಹೆಸರಿದೆ. ಈಗ ಕೈಯಲ್ಲಿ ಹೊಸ ಏರ್‌ಪೋರ್ಟಿನ ಟಿಕೆಟ್ ಇದೆ, ಆದರೆ ಆಟೋದವರ ತಲೆಯಲ್ಲಿ ಇನ್ನೂ ಹಳೆ ದಾರಿಯೇ ಇದೆ ಅಂದ್ಕೊಳ್ಳಿ. ಅವರು ನಿಯತ್ತಾಗಿ ಕರ್ಕೊಂಡು ಹೋಗಿ ಎಚ್‌ಎಎಲ್ ಗೇಟಲ್ಲಿ ಇಳಿಸ್ತಾರೆ. ಅಲ್ಲಿ ನಿಮ್ಮ ವಿಮಾನ ಇಲ್ಲ.

ಇಲ್ಲಿ ಟಿಕೆಟ್ ಹಿಡಿದವನು ಹೊಸದಾಗಿ ಬಿಲ್ಡ್ ಆದ ಕಪ್ಸ್‌ಡಿ ಪ್ರೋಗ್ರಾಂ. ಆಟೋದವರು ಡೈನಮಿಕ್ ಲೋಡರ್. ಅವರ ತಲೆಯಲ್ಲಿರೋ ದಾರಿ ಅಂದರೆ ಎಲ್‌ಡಿಕಾನ್ಫಿಗ್ ಬರೆದಿಡುವ ಕ್ಯಾಶ್. ‘ಏರ್‌ಪೋರ್ಟ್’ ಅನ್ನೋ ಹೆಸರು ಲಿಬ್‌ಕಪ್ಸ್ ಡಾಟ್ ಎಸ್ಓ ಡಾಟ್ 2. ಇಲ್ಲದ ವಿಮಾನ ಅಂದರೆ ಆ ಅನ್‌ಡಿಫೈನ್ಡ್ ಸಿಂಬಲ್. (ಕನ್ನಡ ಸಂಘದ ಪತ್ರಿಕೆ ಅಂತ ಶೇರ್ಡ್ ಲೈಬ್ರರಿಗೆ ‘ಹಂಚಿಕೆಯ ಗ್ರಂಥಾಲಯ’ ಅಂತ ಬರೀಬಹುದಿತ್ತು. ಬರೆದರೆ ಲ್ಯಾಬಲ್ಲಿ ಯಾರೂ ಹಾಗೆ ಕರೆಯಲ್ಲ, ಪರೀಕ್ಷೆಯಲ್ಲೂ ಬರಲ್ಲ. ಬಿಟ್ಟಿದ್ದೀವಿ.)

ಆ ಕೊನೆಯ ‘2’ ಬಗ್ಗೆ ಸ್ವಲ್ಪ ಹೊತ್ತು ನಿಲ್ಲೋಣ, ಗುಟ್ಟು ಇರೋದು ಅಲ್ಲೇ. ಅದು ಕಪ್ಸ್‌ನ ವರ್ಷನ್ ನಂಬರ್ ಅಲ್ಲ. ಲೈಬ್ರರಿಯ ಒಳಗೆ ಬರೆದಿರೋ ಹೆಸರು, ಎಸ್‌ಓನೇಮ್ ಅಂತಾರೆ. ಹಳೆ ಪ್ರೋಗ್ರಾಮುಗಳು ಒಡೆದು ಹೋಗುವಂಥ ಬದಲಾವಣೆ ಮಾಡಿದಾಗ ಮಾತ್ರ ಆ ನಂಬರ್ ಏರಿಸಬೇಕು ಅನ್ನೋದು ಪದ್ಧತಿ. ಕಪ್ಸ್ ಮೊದಲು ಬಂದದ್ದು 1999ರಲ್ಲಿ. 2.4 ಬಂದದ್ದು 2021ರಲ್ಲಿ. 1.7 ಇದ್ದಾಗಲೂ ಹೆಸರು ಎಸ್ಓ 2, 2.4ಕ್ಕೂ ಎಸ್ಓ 2. ಹಳೆ ಫಂಕ್ಷನ್ನುಗಳನ್ನ ತೆಗೆಯದೆ ಹೊಸವನ್ನ ಮಾತ್ರ ಸೇರಿಸಿಕೊಂಡು ಬಂದಿದ್ದಾರೆ. ಉದಾಹರಣೆಗೆ ಎಚ್‌ಟಿಟಿಪಿ ಕನೆಕ್ಟ್ 2 ಅನ್ನೋ ಫಂಕ್ಷನ್ ಸೇರಿದ್ದು 1.7ರಲ್ಲಿ. ಅದಕ್ಕೂ ಹಿಂದಿನ ಲೈಬ್ರರಿಯಲ್ಲಿ ಅದು ಇಲ್ಲ, ಆದರೆ ಎರಡರ ಹೆಸರೂ ಒಂದೇ.

ಇದರಿಂದ ಒಂದು ವಿಚಿತ್ರ ಆಗುತ್ತೆ. ಹಳೆ ಪ್ರೋಗ್ರಾಮಿಗೆ ಹೊಸ ಲೈಬ್ರರಿ ಕೊಟ್ಟರೆ ಓಡುತ್ತೆ. ಹೊಸ ಪ್ರೋಗ್ರಾಮಿಗೆ ಹಳೆ ಲೈಬ್ರರಿ ಕೊಟ್ಟರೆ ಸಾಯುತ್ತೆ. ಲೋಡರ್ ನೋಡೋದು ಹೆಸರು ಮಾತ್ರ, ಹೆಸರು ಸರಿ ಇದೆಯಲ್ಲ ಅಂತ ಕೂರಿಸಿಬಿಡುತ್ತೆ. ಬಿಲ್ಡ್ ಮಾಡುವಾಗ ಎರರ್ ಬರದೆ ಓಡಿಸುವಾಗ ಬಂದದ್ದೂ ಅದಕ್ಕೇ. ಬಿಲ್ಡ್ ಆಗುವಾಗ ಲಿಂಕರ್ ಕಂಡಿದ್ದು ಸೋರ್ಸ್ ಫೋಲ್ಡರಿನಲ್ಲೇ ಆಗಷ್ಟೇ ಹುಟ್ಟಿದ ಲೈಬ್ರರಿ. ಓಡುವಾಗ ಲೋಡರಿಗೆ ಸಿಕ್ಕಿದ್ದು ಸಿಸ್ಟಮ್ಮಿನ ಹಳೇದು.

ಕಪ್ಸ್‌ದು ಇನ್ನೊಂದು ಸ್ವಭಾವ ಇದೆ, ಎಷ್ಟೋ ಜನಕ್ಕೆ ಗೊತ್ತಿರಲ್ಲ. ಸಾಮಾನ್ಯವಾಗಿ ಸೋರ್ಸಿಂದ ಹಾಕಿದ ಸಾಫ್ಟ್‌ವೇರ್ ಯುಎಸ್ಆರ್ ಲೋಕಲ್ ಒಳಗೆ ಹೋಗುತ್ತೆ ಅಂತ ನಾವೆಲ್ಲ ನಂಬಿಕೊಂಡಿರ್ತೀವಿ. ಕಪ್ಸ್ ಹಾಗಲ್ಲ. ಪ್ರಿಫಿಕ್ಸ್ ಹೇಳದೇ ಇದ್ರೆ ಅದು ನೇರವಾಗಿ ಸಿಸ್ಟಮ್ಮಿನ ಜಾಗಕ್ಕೇ ನುಗ್ಗುತ್ತೆ. ಡಿಸ್ಟ್ರೋದವರು ಇಟ್ಟ ಕಪ್ಸ್‌ಡಿ ಮೇಲೆ ತನ್ನ ಕಪ್ಸ್‌ಡಿ ಬರೆದುಬಿಡುತ್ತೆ. ಆದರೆ ಲೈಬ್ರರಿ ಮಾತ್ರ ಬೇರೆ ಕಡೆ ಬೀಳುತ್ತೆ. ಉಬುಂಟು, ಡೆಬಿಯನ್‌ಗಳಲ್ಲಿ 64 ಬಿಟ್ ಲೈಬ್ರರಿಗಳು ಇರೋದು ಲಿಬ್ ಒಳಗಿನ ಎಕ್ಸ್86-64 ಲಿನಕ್ಸ್ ಗ್ನೂ ಅನ್ನೋ ಫೋಲ್ಡರಿನಲ್ಲಿ. ಕಪ್ಸ್‌ನ ಕಾನ್ಫಿಗರ್ ಸ್ಕ್ರಿಪ್ಟು ಲಿಬ್64 ಕಂಡರೆ ಅಲ್ಲಿಗೆ ಹಾಕುತ್ತೆ. ಅರ್ಧ ಸಂಸಾರ ಹೊಸ ಮನೆಯಲ್ಲಿ, ಅರ್ಧ ಹಳೆ ಮನೆಯಲ್ಲಿ.

ಪ್ರಿಫಿಕ್ಸ್ ಕೊಟ್ಟು ಯುಎಸ್ಆರ್ ಲೋಕಲ್‌ಗೆ ಹಾಕಿದ್ರೆ ಬಚಾವಾ? ಅವತ್ತಿಗೆ ಬಚಾವು. ಉಬುಂಟುವಿನ ಕ್ಯಾಶಿನಲ್ಲಿ ಲೋಕಲ್ ಫೋಲ್ಡರ್ ಮುಂಚೆ ಬರುತ್ತೆ. ಆದ್ದರಿಂದ ಸಿಸ್ಟಮ್ಮಿನ ಎಲ್ಲ ಪ್ರೋಗ್ರಾಮುಗಳೂ ನಿಮ್ಮ ಹೊಸ ಲಿಬ್‌ಕಪ್ಸ್ ಅನ್ನೇ ಹಿಡಿಯುತ್ತವೆ. ಹೊಸದು ಹಳೇದಕ್ಕೆ ಆಗಿಬರೋದರಿಂದ ಎಲ್ಲ ಚೆನ್ನಾಗೇ ಇರುತ್ತೆ. ಎರಡು ವರ್ಷ ಆಗುತ್ತೆ, ನೀವು ಪಾಸಾಗಿ ಹೋಗಿರ್ತೀರಿ. ಯಾರೋ ಉಬುಂಟು ಅಪ್‌ಗ್ರೇಡ್ ಮಾಡ್ತಾರೆ. ಈಗ ಡಿಸ್ಟ್ರೋದ ಕಪ್ಸ್ ಹೊಸದು, ಲೋಕಲ್‌ನಲ್ಲಿ ಕೂತಿರೋ ನಿಮ್ಮದು ಹಳೇದು, ಆದರೆ ಮೊದಲು ಸಿಗೋದು ನಿಮ್ಮದೇ. ಅದೇ ಸಿಂಬಲ್ ಎರರ್, ಈ ಸಲ ಯಾರು ಹಾಕಿದ್ದು ಅಂತ ಹೇಳೋಕೂ ಯಾರೂ ಇರಲ್ಲ. ಪ್ಯಾಕೇಜ್ ಮ್ಯಾನೇಜರಿಗೆ ಆ ಫೈಲಿನ ಸುಳಿವೇ ಇಲ್ಲ, ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ಅದು ಅಲ್ಲೇ ಇರುತ್ತೆ.

ಈಗ ನಮ್ಮ ಲ್ಯಾಬುಗಳಲ್ಲಿ ಚಾಲ್ತಿಯಲ್ಲಿರೋ ಮನೆಮದ್ದುಗಳಿಗೆ ಬರೋಣ. ಅತಿ ಜನಪ್ರಿಯವಾದದ್ದು ಸುಳ್ಳು ಸಿಮ್‌ಲಿಂಕ್. ಪ್ರಿಂಟರಿನ ಹಳೆ ಡ್ರೈವರ್ ಲಿಬ್‌ಟಿಫ್ ಎಸ್ಓ 5 ಕೇಳ್ತಿದೆ, ಸಿಸ್ಟಮ್ಮಲ್ಲಿ ಇರೋದು ಎಸ್ಓ 6. ಐದು ಅನ್ನೋ ಹೆಸರಲ್ಲಿ ಆರಕ್ಕೆ ಒಂದು ಲಿಂಕ್ ಮಾಡಿದ್ರಾಯ್ತು, ಎರರ್ ಮಾಯ! ಮಾಯ ಆಗಿದ್ದು ಎರರ್ ಮೆಸೇಜು ಮಾತ್ರ. ಐದರಿಂದ ಆರಕ್ಕೆ ನಂಬರ್ ಏರಿಸಿದ್ದೇ ‘ಒಳಗೆ ಹಳೇ ಲೆಕ್ಕ ನಡೆಯಲ್ಲ’ ಅಂತ ಹೇಳೋಕೆ. ಆ ಎಚ್ಚರಿಕೆಯ ಬೋರ್ಡಿನ ಮೇಲೆ ಸುಣ್ಣ ಬಳಿದ ಹಾಗೆ ಇದು. ಅದೃಷ್ಟ ಚೆನ್ನಾಗಿದ್ರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತೆ. ಕೆಟ್ಟಿದ್ರೆ ಕ್ರ್ಯಾಶ್ ಆಗದೆ ತಪ್ಪು ಪುಟ ಪ್ರಿಂಟ್ ಆಗುತ್ತೆ.

ಎರಡನೇದು ಎಲ್‌ಡಿ ಲೈಬ್ರರಿ ಪಾತ್ ಅನ್ನೋ ವೇರಿಯಬಲ್ಲನ್ನ ಬ್ಯಾಶ್‌ಆರ್‌ಸಿಯಲ್ಲಿ ಬರೆದಿಡೋದು. ‘ಟರ್ಮಿನಲ್ಲಲ್ಲಿ ಓಡುತ್ತೆ ಸರ್, ರೀಬೂಟ್ ಮಾಡಿದ್ರೆ ಓಡಲ್ಲ’ ಅನ್ನೋ ದೂರು ಎಲ್ಲಿ ಕೇಳಿದರೂ ಇದನ್ನ ಅನುಮಾನಿಸಿ. ಬೂಟ್ ಆಗುವಾಗ ಕಪ್ಸ್ ಸರ್ವಿಸನ್ನ ಎಬ್ಬಿಸೋದು ಸಿಸ್ಟಮ್‌ಡಿ. ಅದು ನಿಮ್ಮ ಬ್ಯಾಶ್‌ಆರ್‌ಸಿ ಓದೋದಿಲ್ಲ. ಮೇಲಾಗಿ ಆ ವೇರಿಯಬಲ್ ನಿಮ್ಮ ಟರ್ಮಿನಲ್ಲಿಂದ ಹೊರಡೋ ಪ್ರತಿಯೊಂದು ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತೆ. ಒಂದೇ ಒಂದು ಸಲ, ಒಂದೇ ಕಮಾಂಡಿನ ಮುಂದೆ ಹಾಕಿ ಟೆಸ್ಟ್ ಮಾಡೋಕೆ ಅದು ಒಳ್ಳೇ ಸಾಧನ. ಖಾಯಂ ಇಡೋಕಲ್ಲ.

ಮೂರನೇದು, ಪಕ್ಕದ ಮಶೀನಿಂದ ಪೆನ್‌ಡ್ರೈವಲ್ಲಿ ಎಸ್ಓ ಫೈಲ್ ತಂದು ಸುರಿಯೋದು. ಇದಕ್ಕೆ ವಿವರಣೆ ಬೇಡ.

ಹಾಗಾದ್ರೆ ಮಾಡಬೇಕಾದ್ದೇನು? ಮೊದಲು ಕೈ ಕಟ್ಟಿಕೊಂಡು ನೋಡೋದು. ಎಲ್‌ಡಿಡಿ ಕಮಾಂಡಿಗೆ ಕಪ್ಸ್‌ಡಿಯ ಪೂರ್ತಿ ಪಾತ್ ಕೊಡಿ. ಯಾವ ಲೈಬ್ರರಿ ಯಾವ ಫೋಲ್ಡರಿಂದ ಬರ್ತಿದೆ ಅಂತ ಒಂದೊಂದೇ ಸಾಲಲ್ಲಿ ಹೇಳುತ್ತೆ. ಲಿಬ್‌ಕಪ್ಸ್ ಸಾಲಿನಲ್ಲಿ ನೀವು ಅಂದುಕೊಂಡ ಫೋಲ್ಡರ್ ಇಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ಕಿತು. (ಎಲ್ಲಿಂದಲೋ ಇಳಿಸಿದ, ನಂಬಿಕೆ ಇಲ್ಲದ ಫೈಲಿನ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಅಂಥವಕ್ಕೆ ರೀಡ್‌ಎಲ್ಫ್ ಇದೆ.) ಆಮೇಲೆ ಎಲ್‌ಡಿಕಾನ್ಫಿಗ್‌ಗೆ ಮೈನಸ್ ಪಿ ಕೊಟ್ಟು, ಕಪ್ಸ್ ಅಂತ ಗ್ರೆಪ್ ಮಾಡಿ. ಒಂದೇ ಹೆಸರಲ್ಲಿ ಎಷ್ಟು ಲೈಬ್ರರಿ ಇವೆ ಅಂತ ಗೊತ್ತಾಗುತ್ತೆ. ಡಿಪಿಕೆಜಿ ಮೈನಸ್ ದೊಡ್ಡ ಎಸ್ ಕೊಟ್ಟರೆ ಆ ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಹೇಳುತ್ತೆ. ಫೆಡೋರಾ ಕಡೆಯವರಿಗೆ ಆರ್‌ಪಿಎಂ ಮೈನಸ್ ಕ್ಯೂಎಫ್. ಯಾವ ಪ್ಯಾಕೇಜಿಗೂ ಸೇರಿಲ್ಲ ಅಂತ ಬಂದರೆ ಅದು ಯಾರೋ ಕೈಯಾರೆ ತಂದಿಟ್ಟದ್ದು. ಇಷ್ಟಕ್ಕೂ ಹತ್ತು ನಿಮಿಷ ಸಾಕು.

ಕೆಡಿಸಿದ್ದನ್ನ ಸರಿ ಮಾಡೋದು ಕಷ್ಟ ಏನಲ್ಲ. ಸೋರ್ಸ್ ಫೋಲ್ಡರ್ ಇನ್ನೂ ಇದ್ರೆ ಅಲ್ಲೇ ಮೇಕ್ ಅನ್‌ಇನ್‌ಸ್ಟಾಲ್. ಅದು ಡಿಸ್ಟ್ರೋದ ಫೈಲುಗಳನ್ನೂ ಅಳಿಸಿರುತ್ತೆ, ಯಾಕಂದ್ರೆ ಹಾಕಿದ್ದೇ ಅವುಗಳ ಮೇಲೆ. ಆದ್ದರಿಂದ ತಕ್ಷಣ ಆಪ್ಟ್‌ನಲ್ಲಿ ಕಪ್ಸ್‌ನ ಪ್ಯಾಕೇಜುಗಳನ್ನೂ ಲಿಬ್‌ಕಪ್ಸ್ ಅನ್ನೂ ರೀಇನ್‌ಸ್ಟಾಲ್ ಮಾಡಬೇಕು. ಉಬುಂಟು 24.04ರಲ್ಲಿ ಆ ಪ್ಯಾಕೇಜಿನ ಹೆಸರು ಲಿಬ್‌ಕಪ್ಸ್2ಟಿ64, ಹಳೆ ಹೆಸರಲ್ಲಿ ಹುಡುಕಿ ತಲೆ ಕೆಡಿಸ್ಕೋಬೇಡಿ. ಕೊನೆಗೆ ಎಲ್‌ಡಿಕಾನ್ಫಿಗ್. ಅಷ್ಟೇ. ಡಿಸ್ಕ್ ಒರೆಸಬೇಕಾಗಿಲ್ಲ, ಜೂನಿಯರ್ಸ್ ಫೈಲು ಕಳೀಬೇಕಾಗಿಲ್ಲ.

ನಿಜಕ್ಕೂ ಹೊಸ ವರ್ಷನ್ ಬೇಕು ಅಂತಿದ್ರೆ ಅದಕ್ಕೊಂದು ಸ್ವಂತ ಮನೆ ಕೊಡಿ. ಓಪಿಟಿ ಒಳಗೆ ವರ್ಷನ್ ನಂಬರ್ ಸಮೇತ ಒಂದು ಫೋಲ್ಡರ್, ಕಾನ್ಫಿಗರ್ ಮಾಡುವಾಗ ಅದೇ ಪ್ರಿಫಿಕ್ಸ್, ಲಿಂಕರಿಗೆ ಆರ್‌ಪಾತ್‌ನಲ್ಲಿ ಅದೇ ಫೋಲ್ಡರಿನ ಲಿಬ್. ಆಗ ಹೊಸ ಪ್ರೋಗ್ರಾಂ ತನ್ನ ಲೈಬ್ರರಿಯ ವಿಳಾಸವನ್ನ ಜೇಬಲ್ಲೇ ಇಟ್ಕೊಂಡು ಓಡಾಡುತ್ತೆ, ಆಟೋದವರ ನೆನಪನ್ನ ನಂಬಬೇಕಿಲ್ಲ. ಆದರೂ ಎರಡು ಕಡೆ ಎಡವ್ತೀರಿ. ಎರಡೂ ಕಪ್ಸ್‌ಡಿ ಒಂದೇ ಪೋರ್ಟ್ 631 ಕೇಳ್ತವೆ, ಹಳೆ ಸರ್ವಿಸ್ ನಿಲ್ಲಿಸದೆ ಹೊಸದು ಏಳಲ್ಲ. ಆಮೇಲೆ ಹೊಸ ಕಪ್ಸ್ ತನ್ನ ಫಿಲ್ಟರುಗಳನ್ನ ತನ್ನ ಪ್ರಿಫಿಕ್ಸ್ ಒಳಗೇ ಹುಡುಕುತ್ತೆ. ಪಿಡಿಎಫನ್ನ ಪ್ರಿಂಟರಿಗೆ ಅರ್ಥವಾಗುವ ಹಾಗೆ ತಿರುಗಿಸೋ ಎಷ್ಟೋ ಫಿಲ್ಟರುಗಳು ಕಪ್ಸ್‌ನಲ್ಲಿ ಇಲ್ಲ, ಕಪ್ಸ್-ಫಿಲ್ಟರ್ಸ್ ಅನ್ನೋ ಬೇರೆ ಪ್ರಾಜೆಕ್ಟಿನಲ್ಲಿವೆ. ಸರ್ವಿಸ್ ಎದ್ದರೂ ‘ಫಿಲ್ಟರ್ ಫೇಲ್ಡ್’ ಅಂತ ಜಾಬ್ ನಿಲ್ಲೋದು ಇದಕ್ಕೇ. ಇದೆಲ್ಲ ರಗಳೆ ಅನ್ನಿಸಿದ್ರೆ ಡಿಸ್ಟ್ರೋದ ಸೋರ್ಸ್ ಪ್ಯಾಕೇಜ್ ತಗೊಂಡು ಡೆಬ್ ಫೈಲನ್ನೇ ಕಟ್ಟಿ ಹಾಕಿ. ಪ್ಯಾಕೇಜ್ ಮ್ಯಾನೇಜರಿಗೆ ಲೆಕ್ಕ ಸಿಗುತ್ತೆ. ನಮ್ಮ ಓಟು ಇದಕ್ಕೇ.

ಅದಕ್ಕೂ ಮುಂಚಿನ ಪ್ರಶ್ನೆ, ಅಪ್‌ಗ್ರೇಡ್ ಬೇಕಿತ್ತಾ? ಬಹಳ ಜನ ಹೇಳೋ ಕಾರಣ ಸೆಕ್ಯುರಿಟಿ. 2024ರ ಸೆಪ್ಟೆಂಬರ್ 26ರಂದು ಇಟಲಿಯ ಸಿಮೋನೆ ಮಾರ್ಗರಿಟೆಲ್ಲಿ ಲಿನಕ್ಸ್ ಪ್ರಿಂಟಿಂಗಿನ ದೋಷಗಳನ್ನ ಬಹಿರಂಗ ಮಾಡಿದಾಗ ಎಲ್ಲೆಡೆ ಗಾಬರಿ ಆಯ್ತು. ಆದರೆ ಹೊರಗಿನವರಿಗೆ ಬಾಗಿಲು ತೆರೆದಿದ್ದದ್ದು ಕಪ್ಸ್-ಬ್ರೌಸ್ಡ್ ಅನ್ನೋ ಸರ್ವಿಸ್‌ನಲ್ಲಿ. ಅದು ಕಪ್ಸ್ ಸೋರ್ಸಿನ ಭಾಗವೇ ಅಲ್ಲ. ಅವತ್ತು ಕಪ್ಸ್ ಒಂದನ್ನೇ ಸೋರ್ಸಿಂದ ಹೊಸದು ಮಾಡಿದವರ ಮನೆಯ ಬಾಗಿಲು ತೆರೆದೇ ಇತ್ತು. ಏನೂ ಮಾಡದೆ ಆಪ್ಟ್ ಅಪ್‌ಗ್ರೇಡ್ ಹೊಡೆದವರದು ಮುಚ್ಚಿತು. ಡಿಸ್ಟ್ರೋದವರು ವರ್ಷನ್ ನಂಬರ್ ಹಾಗೇ ಇಟ್ಟು, ರಿಪೇರಿಯನ್ನ ಮಾತ್ರ ಹಳೇದಕ್ಕೆ ತಂದು ಹಾಕ್ತಾರೆ. ನಂಬರ್ ಹಳೇದು ಅಂದ ಮಾತ್ರಕ್ಕೆ ತೂತು ಇದೆ ಅಂತಲ್ಲ. ಇದನ್ನ ಒಂದು ಇಂಟರ್ವ್ಯೂನಲ್ಲಿ ಹೇಳಿದ್ರೂ ಸಾಕು, ಎದುರಿಗೆ ಕೂತವರು ತಲೆ ಎತ್ತಿ ನೋಡ್ತಾರೆ.

ಈ ಘಟನೆ ಆದ ಮೇಲೆ ಬಂದ ಮಾತು, ಸ್ಟೂಡೆಂಟ್ಸ್‌ಗೆ ಸೂಡೋ ಕೊಡಲೇಬಾರದು ಅಂತ. ಲ್ಯಾಬ್ ನೋಡಿಕೊಳ್ಳೋರ ಕಷ್ಟ ನಮಗೆ ಅರ್ಥ ಆಗುತ್ತೆ. ಸಬ್ಮಿಷನ್ ವಾರದಲ್ಲಿ ಬೈಸಿಕೊಳ್ಳೋರು ಅವರು. ಪ್ರಿಂಟ್ ಸರ್ವರಿನ ಸೂಡೋ ಕಿತ್ತುಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ. ಆದರೆ ಬದಲಿಗೆ ಒಂದು ಹಳೆ ಮಶೀನ್ ಕೊಡಿ, ಕೆಡಿಸೋಕಂತಲೇ. ಕೆಲವು ಸ್ಕೀಮುಗಳ ಹಿಂದೆ ವಿಟಿಯು ಸಿಲಬಸ್ಸಿನಲ್ಲಿ ಸಿಸ್ಟಮ್ ಸಾಫ್ಟ್‌ವೇರ್ ಅಂತ ಸಬ್ಜೆಕ್ಟ್ ಇತ್ತು, ಲೆಲ್ಯಾಂಡ್ ಬೆಕ್ ಪುಸ್ತಕ. ನಮ್ಮ ಸೀನಿಯರ್ಸ್ ಲೋಡರು, ಲಿಂಕರು ಎಲ್ಲ ಕಲಿತದ್ದು ಅದರಲ್ಲಿ ಬರೋ ಎಸ್‌ಐಸಿ ಅನ್ನೋ ಕಾಲ್ಪನಿಕ ಕಂಪ್ಯೂಟರಿನ ಮೇಲೆ. ಪುಸ್ತಕ ಒಳ್ಳೇದೇ. ಆದರೆ ಪ್ರಪಂಚದಲ್ಲಿ ಇಲ್ಲದ ಮಶೀನಿನ ಲೋಡರ್ ಬಗ್ಗೆ ಹತ್ತು ಮಾರ್ಕ್ಸಿಗೆ ಬರೆದವರು, ಎದುರಿಗೇ ಇರೋ ಮಶೀನಿನ ಲೋಡರ್ ಕೊಟ್ಟ ಎರರನ್ನ ಓದದೆ ಫಾರ್ಮ್ಯಾಟ್ ಮಾಡ್ತಾರೆ ಅಂದ್ರೆ ಎಲ್ಲೋ ದಾರಿ ತಪ್ಪಿದೆ. 1980ರ ಸುಮಾರಿಗೆ ಎಂಐಟಿಯ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್ಮನ್ ಪ್ರಿಂಟರಿನ ಸಾಫ್ಟ್‌ವೇರ್ ಸರಿ ಮಾಡೋಣ ಅಂತ ಹೊರಟು, ಸೋರ್ಸ್ ಸಿಗದೆ ಸಿಟ್ಟಾದದ್ದು ಫ್ರೀ ಸಾಫ್ಟ್‌ವೇರ್ ಚಳವಳಿಯ ಹಿಂದಿರೋ ಕಥೆಗಳಲ್ಲೊಂದು. ಅವರಿಗೆ ಸಿಗದ ಸೋರ್ಸು ನಮಗೆ ಪುಗಸಟ್ಟೆ ಸಿಗ್ತಿದೆ.

ಕನ್ನಡ ಸಂಘಕ್ಕೆ ಇದರಲ್ಲೇನು ಕೆಲಸ ಅಂತ ಕೇಳೋರಿದ್ದಾರೆ. ರಾಜ್ಯೋತ್ಸವದ ಗೋಡೆ ಪತ್ರಿಕೆ ಪ್ರಿಂಟ್ ಆಗೋದು ಇದೇ ದಾರಿಯಲ್ಲಿ. ‘ಷ್ಟ್ರ’ ಅನ್ನೋ ಒಂದು ಅಕ್ಷರ ಕಾಗದದ ಮೇಲೆ ಸರಿಯಾಗಿ ಬೀಳೋಕೆ ಮೊದಲು ಹಾರ್ಫ್‌ಬಜ್ ಒತ್ತುಗಳನ್ನ ಜೋಡಿಸಬೇಕು, ಫ್ರೀಟೈಪ್ ಫಾಂಟಿನ ಗೆರೆ ಓದಬೇಕು, ಪಿಡಿಎಫ್ ಆಗಬೇಕು, ಆಮೇಲೆ ಪಾಪ್ಲರೋ ಘೋಸ್ಟ್‌ಸ್ಕ್ರಿಪ್ಟೋ ಅದನ್ನ ಚುಕ್ಕೆ ಮಾಡಿ ಪ್ರಿಂಟರಿಗೆ ಕೊಡಬೇಕು. ಎಲ್ಲವೂ ಶೇರ್ಡ್ ಲೈಬ್ರರಿಗಳೇ. ಈ ಸರಪಳಿಯಲ್ಲಿ ಒಂದು ಕೊಂಡಿಗೆ ಸುಳ್ಳು ಸಿಮ್‌ಲಿಂಕ್ ಹಾಕಿದ್ರೆ ಇಂಗ್ಲಿಷ್ ಪುಟ ಬಂದ್ರೂ ಬಂತು, ಕನ್ನಡದ ಒತ್ತಕ್ಷರ ಬರುತ್ತೆ ಅನ್ನೋಕಾಗಲ್ಲ. ಟೆಸ್ಟ್ ಪೇಜ್ ಬಂತು, ರೆಡಿ ಅಂತ ಕೈ ತೊಳ್ಕೊಳ್ಳೋರು ಟೆಸ್ಟ್ ಮಾಡೋದು ಇಂಗ್ಲಿಷಲ್ಲಿ. ಒಂದು ಕನ್ನಡ ಪಿಡಿಎಫ್ ಕೂಡ ತೆಗೆದು ನೋಡಿ ಅಂತ ನಮ್ಮ ಕೋರಿಕೆ, ನಾಲ್ಕು ಸಾಲು ಸಾಕು, ಫಾಂಟ್ ಒಳಗೇ ಸೇರಿರಲಿ.

ಕಪ್ಸ್ 3 ತಯಾರಾಗ್ತಿದೆ. ಅದರಲ್ಲಿ ಪಿಪಿಡಿ ಫೈಲಿನ ಹಳೆ ಡ್ರೈವರುಗಳಿಗೆ ಜಾಗ ಇಲ್ಲ. ಲೈಬ್ರರಿಯ ಹೆಸರನ್ನೇ ಲಿಬ್‌ಕಪ್ಸ್3 ಅಂತ ಬದಲಾಯಿಸಿದ್ದಾರೆ, ಹಳೇದರ ಪಕ್ಕದಲ್ಲಿ ಜಗಳ ಇಲ್ಲದೆ ಕೂರಲಿ ಅಂತ. ನಮ್ಮ ಲ್ಯಾಬಿನ ಪ್ರಿಂಟರುಗಳಲ್ಲಿ ಯಾವುದು ಉಳಿಯುತ್ತೆ, ಯಾವುದಕ್ಕೆ ಬೇರೆ ದಾರಿ ಮಾಡಬೇಕು ಅಂತ ಈಗಲೇ ನೋಡಿಟ್ಟುಕೊಳ್ಳಬೇಕು. ಡಿಪಾರ್ಟ್‌ಮೆಂಟಿಗೆ ನಮ್ಮ ಬೇಡಿಕೆ ಎರಡೇ: ಮೂಲೆಯಲ್ಲಿ ಧೂಳು ಹಿಡಿದಿರೋ ಒಂದು ಮಶೀನು, ಮತ್ತೆ ಪ್ರಿಂಟ್ ಸರ್ವರಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್. ಸೋರ್ಸಿಂದ ಏನೇ ಹಾಕಿದ್ರೂ ತಾರೀಕು, ವರ್ಷನ್, ಪ್ರಿಫಿಕ್ಸ್, ಹೆಸರು ಅದರಲ್ಲಿ ಬರೀಬೇಕು. ನೋಟ್‌ಬುಕ್ಕನ್ನ ನಾವೇ ತಂದು ಕೊಡ್ತೀವಿ.